"ಮೊದಲು ಇದನ್ನ ಕೆಡಿಸು!"

ಹರಿಹರದ ಒಂದು ಓಣಿಯಲ್ಲಿ ಪಾಂಡುರಂಗಪ್ಪ ಅಂತ ಒಬ್ಬ ಟೈಲರ್.

ಕೈ ಚಿನ್ನ... ಆದರೆ ಬಾಯಿ ತೆರೆದರೆ ಬರೀ "ನಾಳೆ ಬನ್ನಿ!"

ದೆವ್ವ ಒಳಗೆ ಬರದಿರಲಿ ಅಂತ ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ... ಅದನ್ನ ಕಂಡುಹಿಡಿದದ್ದೇ ಪಾಂಡುರಂಗಪ್ಪನ ವಂಶದವರು ಅಂತ ಓಣಿಯವರು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ.

ಒಂದು ಸೋಮವಾರ ಹಾಲಮ್ಮ ಎಂಬ ಅಜ್ಜಿ ಮೊಮ್ಮಗಳು ಶಾಂಭವಿಯನ್ನು ಕರೆದುಕೊಂಡು ಅವನ ಅಂಗಡಿಗೆ ಬಂದಳು. ಕೈಯಲ್ಲಿ ಒಂದು ರೇಷ್ಮೆ ಬ್ಲೌಸ್ ಪೀಸ್.

ಶಾಂಭವಿಯ ಬೆನ್ನುಮೂಳೆ ಒಂದು ಕಡೆಗೆ ಬಾಗಿದೆ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಮೇಲೆ. ರೆಡಿಮೇಡ್ ಬಟ್ಟೆ ಯಾವುದೂ ಅವಳ ಮೈಗೆ ಕೂರುವುದಿಲ್ಲ.

ಅವಳಿಗೆ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಮುಂದಿನ ಸೋಮವಾರ ಡ್ಯೂಟಿಗೆ ಸೇರಬೇಕು... ಆದರೆ ಹುಡುಗಿ ಹೋಗಲ್ಲ ಅಂತ ಹಟ ಹಿಡಿದಿದ್ದಳು.

"ಬೋರ್ಡ್ ಮೇಲೆ ಬರೆಯೋವಾಗ ಮಕ್ಕಳಿಗೆ ಬೆನ್ನು ಮಾಡಲೇಬೇಕಲ್ಲ ಅಜ್ಜಿ... ಎಲ್ಲಾ ನಗ್ತಾರೆ."

ಅಜ್ಜಿ ಗೋಗರೆದು ಗೋಗರೆದು ಒಪ್ಪಿಸಿದ್ದಳು. ತೀರಿಹೋದ ಅಮ್ಮನ ರೇಷ್ಮೆ ಸೀರೆ ಇದೆ. ಮೈಗೆ ಸರಿಯಾಗಿ ಕೂರುವ ಬ್ಲೌಸ್ ಆದರೆ, ಆ ಸೀರೆ ಉಟ್ಟು ಹೋಗುತ್ತೇನೆ ಅಂದಿದ್ದಳು ಹುಡುಗಿ.

"ಪಾಂಡುರಂಗ, ಇವಳ ತಾಯಿ ಸೀರೇದು ಇದು, ಈ ಪೀಸ್ ಬಿಟ್ರೆ ಇನ್ನೊಂದಿಲ್ಲ. ನಿನ್ನ ಕೈಯಾಗೆ ಐತೆ ನೋಡಪ್ಪಾ," ಅಂದಳು ಅಜ್ಜಿ.

ಪಾಂಡುರಂಗಪ್ಪ ಬಹಳ ಹುಷಾರಾಗಿ ಅಳತೆ ತೆಗೆದುಕೊಂಡ. "ಗುರುವಾರ ಬನ್ನಿ" ಅಂದ.

ಗುರುವಾರ ಅಜ್ಜಿ ಬಂದಳು... "ನಾಳೆ ಬನ್ನಿ."

ಶುಕ್ರವಾರ ಬಂದಳು... "ನಾಳೆ ಗ್ಯಾರಂಟಿ."

ನಿಜ ಏನು ಗೊತ್ತಾ? ದಿನಾ ಬೆಳಿಗ್ಗೆ ಅವನು ಆ ಪೀಸ್ ಹರಡುತ್ತಿದ್ದ. ಚಾಕಿನಲ್ಲಿ ಗೆರೆ ಎಳೆಯುತ್ತಿದ್ದ. ಕತ್ತರಿ ಎತ್ತುತ್ತಿದ್ದ... ಮತ್ತೆ ಮಡಿಚಿ ಇಡುತ್ತಿದ್ದ.

ಆ ವಾರ ಹನ್ನೊಂದು ಲಂಗ, ಆರು ಚೂಡಿದಾರ್ ಹೊಲಿದ. ಮಷಿನ್ನಿಗೆ ಎಣ್ಣೆ ಬಿಟ್ಟ. ಯಾರೂ ಕೇಳದಿದ್ದರೂ ಡಬ್ಬಿಯಲ್ಲಿದ್ದ ಹಳೇ ಗುಂಡಿಗಳನ್ನೆಲ್ಲ ಬಣ್ಣ ನೋಡಿ ಬೇರೆ ಬೇರೆ ಮಾಡಿದ. ಆ ಒಂದು ಕೆಲಸ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ!

ಶನಿವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲೇ ಅಜ್ಜಿ ಹಾಜರ್.

ಈವತ್ತು ಮಂಗಳಾರತಿ ಗ್ಯಾರಂಟಿ ಅಂದುಕೊಂಡ ಪಾಂಡುರಂಗಪ್ಪ. ತಲೆ ತಗ್ಗಿಸಿ ನಿಂತ.

ಅಜ್ಜಿ ಬೈಯಲಿಲ್ಲ. ಹೊಲಿದಿಟ್ಟ ಬಟ್ಟೆಗಳ ರಾಶಿ ನೋಡಿದಳು.

"ಇಷ್ಟೂ ಈ ವಾರದ್ದಾ?"

"ಹೂಂ ಅವ್ವಾ..."

"ಹಂಗಾದ್ರೆ ನೀನು ಸೋಮಾರಿ ಅಲ್ಲ ಬಿಡು. ನಿನಗೆ ಹೆದರಿಕೆ."

ಪಾಂಡುರಂಗಪ್ಪ ತಲೆ ಎತ್ತಿ ನೋಡಿದ. ಮೂವತ್ತು ವರ್ಷದಲ್ಲಿ ಬೈದವರು ಸಾವಿರ ಜನ... ಈ ಮಾತು ಹೇಳಿದವರು ಒಬ್ಬರೂ ಇಲ್ಲ.

"ಹೌದವ್ವಾ. ಕತ್ತರಿ ಆಡಿಸಿದ್ರೆ ಮುಗೀತು, ಮತ್ತೆ ಕೂಡಿಸೋಕೆ ಬರಲ್ಲ. ತಾಯಿ ಸೀರೇದು ಅದು... ಕೆಟ್ರೆ ಆ ಹುಡುಗಿ ಮುಖ ಹೆಂಗೆ ನೋಡ್ಲಿ?"

ಅಜ್ಜಿ ಸ್ಟೂಲಿನ ಮೇಲೆ ಕೂತಳು.

"ಶಾಂಭವಿ ಹನ್ನೊಂದು ವರ್ಷದೋಳಿದ್ದಾಗ, ಬೆನ್ನು ಬಾಗ್ತಾ ಐತೆ, ಬೆಲ್ಟ್ ಹಾಕಿಸಬೇಕು, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು ಅಂದಿದ್ರು ಡಾಕ್ಟ್ರು. ಅಲ್ಲಿ ಏನ್ ಹೇಳ್ತಾರೋ ಅಂತ ನನಗೆ ಎದೆ ನಡುಕ. ಹಬ್ಬ ಮುಗೀಲಿ ಅಂದೆ... ಪರೀಕ್ಷೆ ಮುಗೀಲಿ ಅಂದೆ... ಮೂರು ವರ್ಷ ತಳ್ಳಿದೆ."

"ಹೋಗೋ ಹೊತ್ತಿಗೆ, ತಡ ಆಯ್ತಮ್ಮಾ ಅಂದ್ರು."

ಅಜ್ಜಿ ಅವನ ಮುಖ ನೋಡಿದಳು.

"ನನಗೆ ಆ ಕೂಸಿನ ಮೇಲೆ ಪ್ರೀತಿ ಕಮ್ಮಿ ಇತ್ತಾ ಹೇಳು? ಪ್ರೀತಿ ಜಾಸ್ತಿ ಇದ್ದಿದ್ದಕ್ಕೇ ಹೆದರಿದ್ದು ಕಣಪ್ಪಾ... ನಿನ್ನ ನೋಡಿದ್ರೆ ನನ್ನೇ ನೋಡಿದಂಗಾಯ್ತು."

ಟೈಲರ್ ಕಣ್ಣಲ್ಲಿ ನೀರು.

ಅಜ್ಜಿ ಚೀಲದಿಂದ ತನ್ನ ಹಳೇ ಕಾಟನ್ ಸೀರೆ ಒಂದನ್ನು ತೆಗೆದು ಮೇಜಿನ ಮೇಲೆ ಹಾಕಿದಳು.

"ತಗೋ. ಮೊದಲು ಇದನ್ನ ಕೆಡಿಸು!"

"ಏನಂದ್ರಿ?"

"ನಿನ್ನೆ ಆ ಪೀಸ್ ಮೇಲಿನ ಚಾಕ್ ಗೆರೆ ನೋಡಿದಾಗಲೇ ಅನುಮಾನ ಬಂತು, ಕೆಡಿಸೋಕೇ ಅಂತ ತಂದೀನಿ. ಎಷ್ಟು ಬೇಕಾದ್ರೂ ಕೆಡಿಸು. ಕೈಗೆ ಧೈರ್ಯ ಬಂದಮೇಲೆ ರೇಷ್ಮೆ ಮುಟ್ಟು. ನಾನೇನು ಎದ್ದು ಹೋಗಲ್ಲ, ಇಲ್ಲೇ ಕೂತಿರ್ತೀನಿ."

ಓದು ಬರಹ ಕಾಣದ ಆ ಹೆಣ್ಣುಮಗಳ ಬುದ್ಧಿಗೆ ಕೈ ಮುಗಿಯಬೇಕು ಅನ್ನಿಸುವುದಿಲ್ಲವಾ?

ಪಾಂಡುರಂಗಪ್ಪ ನಕ್ಕುಬಿಟ್ಟ. ಕತ್ತರಿ ಎತ್ತಿದ.

ಮೊದಲನೇ ಬ್ಲೌಸಿನ ತೋಳು ಎಳೆಯಿತು. ಎರಡನೆಯದರ ಬೆನ್ನು ಸುಕ್ಕಾಯಿತು. ಪ್ರತಿ ಸಲ ಶಾಂಭವಿಯನ್ನು ಕರೆಸಿ ಹಾಕಿಸಿ ನೋಡಿದ, ಗುರುತು ಮಾಡಿಕೊಂಡ. ಮೂರನೆಯದು... ಕೂತಿತು!

ಆಮೇಲೆ ಅವನು ಯೋಚನೆ ಮಾಡಲೇ ಇಲ್ಲ. ಕೈ ತಾನಾಗೇ ರೇಷ್ಮೆ ಪೀಸ್ ಕಡೆ ಹೋಯಿತು.

ಭಾನುವಾರ ಶಾಂಭವಿ ಆ ಬ್ಲೌಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಕುತ್ತಿಗೆ ತಿರುಗಿಸಿ ತನ್ನ ಬೆನ್ನನ್ನು ತಾನೇ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು...

ಅಷ್ಟರಲ್ಲಿ ಪಾಂಡುರಂಗಪ್ಪನ ಕಣ್ಣು ಎಡಗಡೆ ಹೊಲಿಗೆಯ ಮೇಲೆ ಬಿತ್ತು.

"ಅಯ್ಯೋ, ಹೊಲಿಗೆ ಕಾಲು ಇಂಚು ವಾರೆ ಆಗೈತಲ್ಲಮ್ಮಾ! ತೆಗೆದು ಕೊಡು, ಬಿಚ್ಚಿ ಸರಿ ಮಾಡ್ತೀನಿ..."

ಶಾಂಭವಿ ನಕ್ಕಳು.

"ನಾನೂ ಸ್ವಲ್ಪ ವಾರೆನೇ ಇದೀನಲ್ಲ ಅಂಕಲ್... ಇರ್ಲಿ ಬಿಡಿ. ನಾಳೆ ಒಂಬತ್ತೂವರೆಗೆ ನನಗೆ ಕ್ಲಾಸ್ ಇದೆ."

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಇಷ್ಟು ವರ್ಷದಲ್ಲಿ ಮೊಮ್ಮಗಳು ತನ್ನ ಬೆನ್ನಿನ ಬಗ್ಗೆ ನಗುತ್ತಾ ಮಾತಾಡಿದ್ದು ಅದೇ ಮೊದಲು.

🌿 ಬಹಳ ಸಲ ನಾವು ಕೆಲಸ ಮುಂದೂಡುವುದು ಸೋಮಾರಿತನಕ್ಕಲ್ಲ, ಕೆಟ್ಟುಹೋದೀತು ಅನ್ನುವ ಹೆದರಿಕೆಗೆ... ಕೆಡಿಸಲು ಒಪ್ಪಿಕೊಂಡವನೇ ಶುರು ಮಾಡುತ್ತಾನೆ.

ಅಂದಹಾಗೆ... ಹೆದರಿ ಮಡಿಚಿಟ್ಟ ಯಾವ ಕೆಲಸ ನಿಮ್ಮನ್ನ ಕಾಯುತ್ತಾ ಇದೆ?