ಸೇತುವೆಯ ಮೇಲಿನ ಮಂಜು

ಘಟ್ಟಕ್ಕೆ ಮೋಡ ಬರುವುದು ನಿಂತ ಮೇಲೆ ಕಾಡಿಗೆ ಮಂಜು ಹಾಯಿಸಲು ಯಂತ್ರಗಳನ್ನು ಕೂರಿಸಿದ್ದರು. ಕಣಿವೆಯ ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ಸಿಂಗಳೀಕ ಕೋತಿಗಳ ಸಂಶೋಧಕಿ ವಾರಿಜಾ. ಬಿಸಿಲಿದ್ದರೆ ಸಿಂಗಳೀಕಗಳು ಮರ ಬಿಟ್ಟು ಬರುವುದಿಲ್ಲ. ಅದಕ್ಕೇ ಅವಳು ರಸ್ತೆಯ ಆಚೀಚೆಯ ಕಾಡುಗಳ ನಡುವೆ ಹಗ್ಗದ ಸೇತುವೆ ಕಟ್ಟಿಸಿ, ಅದರ ಮೇಲೆ ಸದಾ ಮಂಜು ಕವಿದಿರುವಂತೆ ನೋಡಿಕೊಂಡಿದ್ದಳು. ಈಚೆಯ ಗುಂಪಿನಲ್ಲಿ ಹೆಣ್ಣುಗಳು ಮಾತ್ರ ಉಳಿದಿದ್ದವು. ಆಚೆಯಿಂದ ಗಂಡು ಬರದಿದ್ದರೆ ಮರಿಗಳು ಹುಟ್ಟುವಂತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಗಂಡೊಂದು ಕೊನೆಗೂ ಸೇತುವೆಗೆ ಇಳಿಯಿತು. ಅದೇ ಹೊತ್ತಿಗೆ ಅಧಿಕಾರಿ ಪೊನ್ನಪ್ಪನವರ ಫೋನ್ ಬಂತು.

"ಮೇಡಂ, ಪ್ರವಾಸಿಗಳಿಗೆ ಏನೂ ಕಾಣ್ತಿಲ್ವಂತೆ. ಸ್ವಲ್ಪ ಹೊತ್ತು ಮಂಜು ನಿಲ್ಸಿ."

"ಸರ್, ಗಂಡು ಸೇತುವೆ ಮೇಲಿದೆ. ಇವತ್ತೊಂದು ದಿನ ಬಿಟ್ಬಿಡಿ."

"ನೀವು ದಿನಾ ಏನಾದ್ರೂ ಒಂದು ಹೇಳ್ತೀರಿ," ಎಂದ ಪೊನ್ನಪ್ಪ ಕಚೇರಿಯಿಂದಲೇ ಯಂತ್ರದ ಕರೆಂಟ್ ತೆಗೆಸಿದರು.

ಮಂಜು ಕರಗಿತು. ಸೇತುವೆಯ ನಡುವೆ, ಬಿಸಿಲಿನಲ್ಲಿ, ಗಂಡು ಹಗ್ಗವನ್ನು ಅವುಚಿಕೊಂಡು ಕೂತಿತ್ತು. ಅದನ್ನು ಕಂಡ ಪ್ರವಾಸಿಗಳು ಕೆಳಗಿನಿಂದ ಕೂಗಿ ಚಪ್ಪಾಳೆ ತಟ್ಟಿದರು. ಗಂಡು ಗಾಬರಿಯಿಂದ ತಾನು ಬಂದ ಆಚೆಯ ಕಾಡಿಗೇ ತಿರುಗಿ ಓಡಿಹೋಯಿತು.

ಮಧ್ಯಾಹ್ನ ಪೊನ್ನಪ್ಪ ಮತ್ತೆ ಫೋನ್ ಮಾಡಿದರು. "ಎಲ್ರಿಗೂ ಸಿಂಗಳೀಕ ಕಾಣಿಸ್ತಂತೆ ಮೇಡಂ, ತುಂಬಾ ಖುಷಿಪಟ್ರು. ಇನ್ನು ಪ್ರತಿ ಭಾನುವಾರ ಹೀಗೇ ಮಾಡೋಣ."

ವಾರಿಜಾ ಎದ್ದು ಕಿಟಕಿ ತೆರೆದಳು. ಅವಳು ಫೋನನ್ನು ಕಿಟಕಿಯಿಂದ ಹೊರಗೆ ಹಿಡಿದಳು. ಈಚೆಯ ಮರದಲ್ಲಿ ಹೆಣ್ಣೊಂದು ಗಂಡನ್ನು ಕರೆಯುತ್ತ ಇನ್ನೂ ಕೂಗುತ್ತಲೇ ಇತ್ತು.

"ಏನ್ ಮೇಡಂ ಅದು ಸದ್ದು?"

"ಕೇಳ್ತಾ ಇರಿ ಸರ್," ಎಂದಳು.