ಮೊದಲ ಡ್ರಮ್ಮರ್

ಜಗಳವಾಡಿ ರಾಕ್ ಬ್ಯಾಂಡ್ ಬಿಟ್ಟು ಗೋವಾ ಸೇರಿದ್ದ ರುದ್ರೇಶ ನಾಲ್ಕು ವರ್ಷದ ಮೇಲೆ ಊರಿಗೆ ಬಂದರೆ, ಅದೇ ಬ್ಯಾಂಡಿನ ಕಾರ್ಯಕ್ರಮವಿದ್ದ ಮೈದಾನದ ಗೇಟಿನಲ್ಲಿ ತನ್ನದೇ ಫೋಟೋಗೆ ಹಾರ ಹಾಕಿದ್ದರು. ಹುಡುಗರ ಟಿ-ಶರ್ಟುಗಳ ಮೇಲೂ ಅವನದೇ ಮುಖ. ಗಡ್ಡ ಬಿಟ್ಟಿದ್ದರಿಂದ ಯಾರಿಗೂ ಗುರುತು ಹತ್ತಲಿಲ್ಲ.

ಅವನಿಗೆ ನಗು ತಡೆಯಲಾಗಲಿಲ್ಲ. ಸ್ಟೇಜಿನ ಹಿಂದಿನ ಕೋಣೆಗೆ ನುಗ್ಗಿ, ಹಾಡುಗಾರ ಕಲ್ಮೇಶನನ್ನು ತಬ್ಬಿಕೊಂಡ.

“ಏನಲೇ, ನನ್ನ ಕೊಂದ ಬಿಟ್ಟಿಯಲ್ಲೋ!”

ಕಲ್ಮೇಶನ ಮುಖ ಬಿಳಿಚಿಕೊಂಡಿತು. “ಬೈಕ್ ಆಕ್ಸಿಡೆಂಟಿನ್ಯಾಗ ನೀ ಹೋದಿ ಅಂತ ಒಮ್ಮೆ ಸ್ಟೇಜ್ ಮ್ಯಾಲೆ ಸುಳ್ಳ ಹೇಳಿ, ನಿನ್ನ ಹೆಸರಿನ್ಯಾಗ ಒಂದ ಹಾಡು ಹಾಡಿದೆ. ಮಂದಿ ಅತ್ತಬಿಟ್ರು. ಆ ಹಾಡಿನಿಂದನ ನಮಗ ಹೆಸರು ಬಂತು. ಇವತ್ತ ಐದ ಸಾವಿರ ಮಂದಿ ಬಂದಾರ, ರುದ್ರ್ಯಾ.”

“ಬರಲಿ ಬಿಡು. ನಾನ ಡ್ರಮ್ಸ್ ಬಾರಸ್ತೀನಿ. ಸತ್ತಾಂವ ಎದ್ದು ಬಂದ ಅಂತ ಕುಣೀತಾರ!”

ಬ್ಯಾಂಡಿನ ಉಳಿದಿಬ್ಬರು ಮುಖ ಮುಖ ನೋಡಿಕೊಂಡರು. ಯಾರೂ ನಗಲಿಲ್ಲ.

“ನೀ ಇಲ್ಲಿಗೆ ಬಂದದ್ದು ಯಾರಿಗರೆ ಗೊತ್ತೈತೇನು?” ಕಲ್ಮೇಶ ಮೆಲ್ಲಗೆ ಕೇಳಿದ.

“ಯಾರಿಗೂ ಹೇಳಿಲ್ಲೋ. ಬಸ್ ಇಳದು ಸೀದಾ ಇಲ್ಲಿಗೇ ಬಂದೆ.”

ಹೊರಗೆ ಜನ ‘ರುದ್ರೇಶ, ರುದ್ರೇಶ’ ಎಂದು ಕೂಗತೊಡಗಿದರು. ಕಲ್ಮೇಶ ಎದ್ದು ಹೋಗಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ.