ಹಾಡದ ಚರಣ

ನೆನೆಸಿದ ಅವರೆಕಾಳು ಹಿಸುಕುತ್ತಿದ್ದ ನಿವೃತ್ತ ಸಂಗೀತ ಪ್ರೊಫೆಸರಮ್ಮನ ಎದುರು ಶಿಷ್ಯ ಮುಕುಂದ ಬಂದು ಕುಳಿತ. ಸಂಗೀತ ಸಭೆಯವರು ಕೃತಿ ರಚಿಸುವವರಿಗೆ ಕೊಡುವ ವಾಗ್ಗೇಯಕಾರ ಪ್ರಶಸ್ತಿಗೆ ಅವನನ್ನು ಆರಿಸಿದ್ದರು. ಗುರುವಿನ ಶಿಫಾರಸು ಪತ್ರವೊಂದೇ ತಿಂಗಳುಗಳಿಂದ ಬಾಕಿ.

“ಅಮ್ಮಾ, ನಾಳೆಯೇ ಕೊನೇ ದಿನ.”

“ಅವರು ಮೆಚ್ಚಿರೋದು ನಾನು ಕಟ್ಟಿದ ಕೃತಿ ಕಣೋ.”

“ನಂದು ಅಂತ ನಾನೆಲ್ಲೂ ಹೇಳಿಲ್ಲವಲ್ಲ!”

“ನಿಂದಲ್ಲ ಅಂತಲೂ ಹೇಳಿಲ್ಲ. ನನ್ನ ಹೆಸರಿನ ಅಂಕಿತ ಇರೋದು ಚರಣದಲ್ಲಿ. ನೀನು ಪ್ರತಿ ಕಛೇರಿಯಲ್ಲೂ ಪಲ್ಲವಿ, ಅನುಪಲ್ಲವಿ ಹಾಡಿ ಮುಗಿಸಿಬಿಡ್ತೀಯ.”

“ಟೈಮ್ ಸಾಲಲ್ಲಮ್ಮ. ಜನ ಎದ್ದು ಹೋಗ್ತಾರೆ.”

“ನನ್ನ ಹೆಸರು ಕೇಳಿದ್ರೆ ಎದ್ದು ಹೋಗ್ತಾರೇನೋ?”

ಅವನು ತಲೆ ತಗ್ಗಿಸಿದ. “ನೀವು ರಿಟೈರ್ ಆದೋರು. ಇನ್ನು ನಿಮಗ್ಯಾಕಮ್ಮ ಹೆಸರು ಗಿಸರು? ನನಗೆ ಮುಂದೆ ಜೀವನ ಇದೆ.”

ಅವರು ಅವರೆಕಾಳಿನ ತಟ್ಟೆ ಪಕ್ಕಕ್ಕಿಟ್ಟರು. ಎದ್ದು ಕೈ ತೊಳೆದು ಬಂದರು. ಪತ್ರ ಬರೆದು, ಲಕೋಟೆಗೆ ಅಂಟು ಹಚ್ಚಿ ಅವನ ಕೈಗಿತ್ತರು.

ಕಾಲಿಗೆ ಬಿದ್ದು ಎದ್ದವನು ಖುಷಿಯಿಂದ ತಾನೇ ಹೋಗಿ ಸಭೆಗೆ ಮುಟ್ಟಿಸಿದ ಪತ್ರ ಹೀಗಿತ್ತು: “ಪ್ರಶಸ್ತಿ ಖಂಡಿತ ಕೊಡಿ. ಕೃತಿಯ ಪೂರ್ತಿ ಸಾಹಿತ್ಯ ಇದರೊಂದಿಗಿದೆ. ಅಂದು ವೇದಿಕೆಯ ಮೇಲೆ ಇವನಿಂದ ಚರಣವನ್ನೂ ಹಾಡಿಸಿ.”